ಮೇಲ್ದಿಣ್ಣೆಯ ಗರಸು ಮಣ್ಣನ್ನು ಕಲ್ಲುಸಮೇತ ತೂಗಿದ ಪರೀಕ್ಷೆ: ಗುಂಡಿ ತೆಗೆದು ಮಣ್ಣು ನೋಡುವ ಸೇವೆಯೊಂದರ ವಿಮರ್ಶೆ

ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ ಏರುವ ದಾರಿಯ ಮಗ್ಗುಲಿನಲ್ಲಿ ನಮ್ಮದು ಐದು ಎಕರೆ ಕಾಫಿ ತೋಟ. ಅದರ ಮೇಲ್ಭಾಗದ ಒಂದೂವರೆ ಎಕರೆಯನ್ನು ಮಾವನವರ ಕಾಲದಿಂದಲೂ ಮನೆಯವರೆಲ್ಲ ‘ಗರಸಿನ ಪಟ್ಟೆ’ ಎಂದೇ ಕರೆಯುತ್ತ ಬಂದಿದ್ದೇವೆ. ಅಲ್ಲಿ ಹಾರೆ ಹಾಕಿದರೆ ಮೊದಲ ಏಟಿಗೇ ಕಲ್ಲಿನ ಸದ್ದು ಏಳುತ್ತದೆ, ಹಿಡಿ ಮಣ್ಣನ್ನು ಎಷ್ಟು ಒತ್ತಿದರೂ ಉಂಡೆ ನಿಲ್ಲುವುದಿಲ್ಲ, ಫೆಬ್ರವರಿ ಕಳೆಯುವುದರೊಳಗೆ ಅರೇಬಿಕಾ ಗಿಡಗಳ ಎಲೆ ಜೋತುಬೀಳುತ್ತದೆ. ಅಲ್ಲಿಂದ ಇನ್ನೂರು ಮೀಟರ್ ಕೆಳಗೆ, ಅದೇ ತಳಿಯ, ಅದೇ ವಯಸ್ಸಿನ ಗಿಡಗಳು ಹೂಮಳೆ ಬೀಳುವವರೆಗೂ ಹಸಿರಾಗಿಯೇ ನಿಂತಿರುತ್ತವೆ. ಹಿಂದೆ ಎರಡು ಸಲ ಬೇರೊಂದು ಕಡೆ ಮಣ್ಣು ಪರೀಕ್ಷೆ ಮಾಡಿಸಿದ್ದೆ. ಎರಡು ಸಲವೂ ಮೇಲಿನ ಪಟ್ಟೆಗೂ ಕೆಳಗಿನ ಪಟ್ಟೆಗೂ ಹೆಚ್ಚುಕಡಿಮೆ ಒಂದೇ ಅಂಕಿಗಳು ಬಂದವು. ಕಣ್ಣಿಗೆ ಇಷ್ಟು ಸ್ಪಷ್ಟವಾಗಿ ಕಾಣುವ ಭೇದ ಕಾಗದದ ಮೇಲೆ ಏಕೆ ಮೂಡುತ್ತಿಲ್ಲ ಎಂಬ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಈ ಸೇವೆಯನ್ನು ಕರೆಸಿದೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಸೇವೆಯಲ್ಲಿ ತಿದ್ದಿಕೊಳ್ಳಬೇಕಾದ ಲೋಪಗಳೂ ಇವೆ.

ಚೀಲದಲ್ಲಿ ತುಂಬಿ ಕಳುಹಿಸಿದ ಮಣ್ಣನ್ನು ಇವರು ಪರೀಕ್ಷಿಸುವುದಿಲ್ಲ. ತಾವೇ ತೋಟಕ್ಕೆ ಬಂದು, ಒಂದು ಮೀಟರ್ ಆಳದವರೆಗೆ ಅಥವಾ ಬಂಡೆ ಸಿಗುವವರೆಗೆ ಗುಂಡಿ ತೆಗೆಸಿ, ಪದರ ಪದರವಾಗಿ ಮಣ್ಣನ್ನು ನೋಡಿ, ಪ್ರತಿ ಪದರದ ಮಾದರಿಯನ್ನು ಬೇರೆ ಬೇರೆಯಾಗಿ ಒಯ್ಯುತ್ತಾರೆ. ಎರಡು ಗುಂಡಿಗಳಿಗೆ ಪ್ರಯೋಗಾಲಯದ ವೆಚ್ಚವೂ ಸೇರಿ ನಾನು ಕೊಟ್ಟದ್ದು 3,500 ರೂಪಾಯಿ; ಅಗೆಯುವ ಆಳುಗಳು ನಮ್ಮವರೇ. ಜನವರಿಯಲ್ಲಿ, ಗೊಬ್ಬರ ಹಾಕಿ ಮೂರು ತಿಂಗಳು ಕಳೆದ ಮೇಲೆ ಬರುವುದಾಗಿ ಮೊದಲೇ ತಿಳಿಸಿ, ಹೇಳಿದ ದಿನವೇ ಬೆಳಿಗ್ಗೆ ಎಂಟು ಗಂಟೆಗೆ ಬಂದರು. ಬಂದವರು ಮಣ್ಣುವಿಜ್ಞಾನ ಓದಿದ ಒಬ್ಬ ಯುವತಿ ಮತ್ತು ಒಬ್ಬ ಸಹಾಯಕ. ಜೀಪು ನಿಲ್ಲುವ ಜಾಗದ ಹತ್ತಿರವೇ ಮೊದಲ ಗುಂಡಿ ತೆಗೆಯೋಣವೆಂದು ಸಹಾಯಕ ಹೊರಟಾಗ, ಗರಸಿನ ಪಟ್ಟೆಯ ನಟ್ಟನಡುವೆಯೇ ತೆಗೆಯಬೇಕೆಂದು ನಾನು ಹಟ ಹಿಡಿಯಬೇಕಾಯಿತು. ಇಳಿಜಾರಿನಲ್ಲಿ ಹತ್ತು ಮಾರು ಸರಿದರೂ ಮಣ್ಣು ಬೇರೆಯಾಗುತ್ತದೆ. ಆದ್ದರಿಂದ ಗುಂಡಿಯ ಜಾಗವನ್ನು ತೋಟದವರೊಂದಿಗೆ ಕೂತು ನಿಶ್ಚಯಿಸುವುದು ಈ ಸೇವೆಯ ಮೊದಲ ನಿಯಮವಾಗಬೇಕಿತ್ತು.

ಮೇಲಿನ ಗುಂಡಿ 62 ಸೆಂಟಿಮೀಟರಿಗೆ ಬಂಡೆ ಮುಟ್ಟಿತು. ಮೊದಲ 12 ಸೆಂಟಿಮೀಟರ್ ತರಗೆಲೆ ಕೊಳೆತು ಕಪ್ಪಾದ, ಬೇರಿನ ಜಾಲ ತುಂಬಿದ ಮಣ್ಣು. ಅದರ ಕೆಳಗೆ 45ರವರೆಗೆ ಕಂದುಗೆಂಪು ಮರಳುಮಣ್ಣು, ಅದರೊಳಗೆ ಅಡಿಕೆಯಿಂದ ಹಿಡಿದು ತೆಂಗಿನಕಾಯಿಯ ಗಾತ್ರದವರೆಗಿನ ಕಲ್ಲುಗಳು. ಅದಕ್ಕೂ ಕೆಳಗೆ ಉಗುರಿನಿಂದ ಕೆರೆದರೆ ಪುಡಿಯಾಗುವ, ಆದರೆ ಬಂಡೆಯ ಪಟ್ಟೆಗಳನ್ನು ಇನ್ನೂ ಉಳಿಸಿಕೊಂಡಿರುವ ಕೊಳೆಗಲ್ಲು. ಆ ಯುವತಿ ಕಲ್ಲುಗಳನ್ನೆಲ್ಲ ಒಂದು ಬಾಂಡಲಿಯಲ್ಲಿ ತುಂಬಿಸಿ, ಒಂದೊಂದನ್ನೇ ಕೈಗೆತ್ತಿಕೊಂಡು ಅಂಚುಗಳನ್ನು ನೋಡಲು ಹೇಳಿದರು. ಎಲ್ಲವೂ ಮೊನಚು. ಹೊಳೆಯಲ್ಲಿ ಉರುಳಿ ಬಂದ ಕಲ್ಲಿನ ಮೈ ನುಣುಪಾಗಿರುತ್ತದೆ. ಇವು ಮೇಲಿನ ದಿಣ್ಣೆಯಿಂದ ಒಡೆದು, ಹೆಚ್ಚು ದೂರ ಸಾಗದೆ, ತಮ್ಮ ಭಾರದಿಂದಲೇ ಇಷ್ಟಿಷ್ಟಾಗಿ ಜಾರಿ ಬಂದು ನಿಂತವು. ನಮ್ಮ ತೋಟದ ಹಿರಿಯ ಆಳು ಅಲ್ಲಿಯೇ ನಿಂತಿದ್ದ ಹಳೆಯ ಮರವೊಂದನ್ನು ತೋರಿಸಿ, “ಅಮ್ಮಾ, ಇದರ ಬುಡ ಬಾಗಿರೋದೂ ಅದಕ್ಕೇ ಇರಬೇಕು” ಎಂದರು. ಆ ಮಾತು ಸರಿಯಾಗಿತ್ತು. ಇಳಿಜಾರಿನ ಮೇಲ್ಮಣ್ಣು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗೆ ತೆವಳುವಾಗ ಎಳೆಯ ಗಿಡದ ಬುಡ ಅದರೊಂದಿಗೆ ವಾಲುತ್ತದೆ, ತುದಿ ಮತ್ತೆ ಬೆಳಕಿನತ್ತ ನೆಟ್ಟಗಾಗುತ್ತದೆ, ಮರವಾದ ಮೇಲೂ ಆ ಬಾಗು ಉಳಿಯುತ್ತದೆ. ಮೂವತ್ತು ವರ್ಷ ಅದರ ನೆರಳಿನಲ್ಲಿ ಓಡಾಡಿದ ನಾನು ಆ ಬಾಗಿಗೆ ಒಂದು ಕಾರಣವಿರಬಹುದೆಂದು ಯೋಚಿಸಿರಲಿಲ್ಲ.

ನನಗೆ ಅತ್ಯಂತ ಹಿಡಿಸಿದ್ದು ಗುಂಡಿಯ ಪಕ್ಕದಲ್ಲಿ ಕೂತು ಅವರು ಮಾಡಿ ತೋರಿಸಿದ ಒಂದು ಸಣ್ಣ ಪ್ರಯೋಗ. ಮಣ್ಣನ್ನು ನೀರಿನಲ್ಲಿ ಕದಡಿ, ತೆಳುವನ್ನು ಬಸಿದು, ತಳದಲ್ಲಿ ಉಳಿದ ಮರಳನ್ನು ಬಟ್ಟೆಯ ಮೇಲೆ ಒಣಗಲು ಹರಡಿದರು. ಒಣಗಿದ ಮೇಲೆ ಅದರ ಮೇಲಿಂದ ಅಯಸ್ಕಾಂತ ಆಡಿಸಿದಾಗ ಕಪ್ಪು ಕಣಗಳು ಮೀಸೆಯಂತೆ ಎದ್ದು ಅಂಟಿಕೊಂಡವು. ಬೆಳ್ಳಗಿನ, ಗಾಜಿನಂತಹ ಕಣಗಳು ಬಟ್ಟೆಯ ಮೇಲೆಯೇ ಉಳಿದವು. ಕಪ್ಪು ಕಣ ಮ್ಯಾಗ್ನೆಟೈಟ್, ಬಿಳಿ ಕಣ ಬೆಣಚುಕಲ್ಲು. ಬಾಬಾಬುಡನ್ ಸಾಲಿನ ನೆತ್ತಿಯಲ್ಲಿ ಇವೆರಡೂ ಪಟ್ಟೆ ಪಟ್ಟೆಯಾಗಿ ಸೇರಿದ ಕಬ್ಬಿಣದ ಶಿಲೆ ಹಾಸಿಕೊಂಡಿದೆ, ಭೂವಿಜ್ಞಾನಿಗಳು ಅದಕ್ಕೆ ಮುಳ್ಳಯ್ಯನಗಿರಿಯದೇ ಹೆಸರು ಕೊಟ್ಟಿದ್ದಾರೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಇದೇ ಬೆಟ್ಟಸಾಲಿನ ಕಬ್ಬಿಣದಿಂದ. ಸಾಲಿನ ಶಿಲೆಗಳ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಈ ಪಟ್ಟೆ ಶಿಲೆ ಮಳೆಗೂ ಬಿಸಿಲಿಗೂ ಸುಲಭವಾಗಿ ಕರಗುವಂಥದ್ದಲ್ಲ. ಸುತ್ತಲಿನ ಮೆದು ಶಿಲೆ ಸವೆದು ತಗ್ಗಾದಾಗಲೂ ಇದು ಎತ್ತರವಾಗಿ ನಿಂತದ್ದರಿಂದಲೇ 1,930 ಮೀಟರ್ ಎತ್ತರದ ಶಿಖರ ನಮಗೆ ಉಳಿದಿದೆ. ಆದರೆ ಕರಗದ ಕಲ್ಲಿನಿಂದ ಜೇಡಿ ಹುಟ್ಟುವುದಿಲ್ಲ. ಅದು ಸೀಳಿ ಚೂರಾಗುತ್ತದೆ, ಚೂರು ಮರಳಾಗುತ್ತದೆ, ಬೆಣಚುಕಲ್ಲಿನ ಮರಳು ಮುಂದೆ ಮರಳಾಗಿಯೇ ಉಳಿಯುತ್ತದೆ.

ಇದೇ ಸಾಲಿನ ಮಗ್ಗುಲುಗಳಲ್ಲಿರುವ ಹಸಿರು ಛಾಯೆಯ ಹಳೆಯ ಲಾವಾ ಶಿಲೆಯ ಕಥೆ ಬೇರೆ. ಅದರಲ್ಲಿ ಬೆಣಚುಕಲ್ಲಿನ ಅಂಶ ತೀರ ಕಡಿಮೆ. ಮಳೆನೀರು ಗಾಳಿಯಿಂದಲೂ ಕೊಳೆತ ಎಲೆಗಳಿಂದಲೂ ಹೀರಿಕೊಂಡ ಆಮ್ಲ ಅದರ ಖನಿಜಗಳನ್ನು ಕರಗಿಸಿ, ಕಬ್ಬಿಣಕ್ಕೆ ತುಕ್ಕಿನ ಕೆಂಪು ಕೊಟ್ಟು, ಉಳಿದದ್ದನ್ನು ನುಣ್ಣನೆಯ ಜೇಡಿಯಾಗಿ ಮಾರ್ಪಡಿಸುತ್ತದೆ. ನಮ್ಮ ಕೆಳಗಿನ ಪಟ್ಟೆಯ ಗುಂಡಿಯಲ್ಲಿ ಕಂಡದ್ದು ಅದೇ. ಅಲ್ಲಿ ಒಂದು ಮೀಟರಿಗೂ ಬಂಡೆ ಸಿಗಲಿಲ್ಲ, ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಎಳೆದಾಗ ರಿಬ್ಬನ್ನಿನಂತೆ ಉದ್ದವಾಗಿ ಬಂತು, ಕಲ್ಲುಗಳು ಅಲ್ಲೊಂದು ಇಲ್ಲೊಂದು. ಮಣ್ಣು ರೂಪುಗೊಳ್ಳಲು ಐದು ಸಂಗತಿಗಳು ಕಾರಣವೆಂದು ಮಣ್ಣುವಿಜ್ಞಾನಿ ಹಾನ್ಸ್ ಯೆನ್ನಿ 1941ರಲ್ಲಿ ವಿವರಿಸಿದರು: ಮೂಲ ಶಿಲೆ, ಹವಾಮಾನ, ಜೀವಿಗಳು, ನೆಲದ ಏರಿಳಿತ, ಕಾಲ. ನಮ್ಮ ಎರಡು ಗುಂಡಿಗಳ ಮೇಲೆ ಬಿದ್ದ ಮಳೆ ಒಂದೇ, ಮೇಲಿದ್ದ ಕಾಡೂ ಒಂದೇ. ಶಿಲೆ ಮತ್ತು ಇಳಿಜಾರು ಇವೆರಡೇ ಇನ್ನೂರು ಮೀಟರಿನೊಳಗೆ ಇಷ್ಟು ದೊಡ್ಡ ಭೇದವನ್ನು ಮಾಡಿವೆ.

ಇಲ್ಲಿ ನನ್ನ ಮೊದಲ ಗಂಭೀರ ಆಕ್ಷೇಪವಿದೆ. ವರದಿಯ ಜೊತೆಗೆ ಕೊಡುವ ನಾಲ್ಕು ಪುಟದ ಕೈಪಿಡಿಯಲ್ಲಿ, ‘ಬೆಟ್ಟದ ಇಳಿಜಾರಿನ ಕಲ್ಲುಮಣ್ಣು ಹೇಗೆ ಹುಟ್ಟುತ್ತದೆ’ ಎಂಬ ಶೀರ್ಷಿಕೆಯ ಕೆಳಗೆ ಹಿಮ ಹೊದ್ದ ಪರ್ವತದ ಚಿತ್ರವನ್ನು ಹಾಕಿ, ಬಂಡೆಯ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಕಲ್ಲನ್ನು ಒಡೆಯುವ ಬಗೆಯನ್ನಷ್ಟೇ ವಿವರಿಸಿದ್ದಾರೆ. ವಿವರಣೆ ತಪ್ಪಲ್ಲ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಕ್ರಿಯೆ ಸಾವಿರಾರು ಸಲ ನಡೆದಾಗ ಎಂಥ ಬಂಡೆಯೂ ಸೀಳುತ್ತದೆ. ಹಿಮಾಲಯದ ಎತ್ತರದ ಮಗ್ಗುಲುಗಳಲ್ಲಿ, ಲಡಾಖಿನಲ್ಲಿ, ಆಲ್ಪ್ಸ್‌ನಲ್ಲಿ ಕಡಿದಾದ ಬಂಡೆಗಳ ಬುಡದಲ್ಲಿ ರಾಶಿ ಬಿದ್ದಿರುವ ಮೊನಚು ಕಲ್ಲುಗಳ ಇಳಿಜಾರುಗಳಿಗೆ ಇದು ಮುಖ್ಯ ಕಾರಣ. ಸಡಿಲ ಕಲ್ಲಿನ ಅಂಥ ರಾಶಿ ಸುಮಾರು 35 ಡಿಗ್ರಿಯವರೆಗಿನ ಓರೆಯಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕಡಿದಾದರೆ ಜಾರುತ್ತದೆ. ಅಲ್ಲಿಯ ಚಳಿಗೆ ರಾಸಾಯನಿಕ ಕ್ರಿಯೆಗಳೂ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನವಾಗುವುದರಿಂದ ಒಡೆದ ಕಲ್ಲು ಜೇಡಿಯಾಗುವ ಹಂತಕ್ಕೆ ಬರುವುದೇ ವಿರಳ. 25 ಸೆಂಟಿಮೀಟರಿನೊಳಗೆ ಬಂಡೆ ಮುಟ್ಟುವ ಅಥವಾ ಬಹುಪಾಲು ಕಲ್ಲೇ ತುಂಬಿದ ಇಂಥ ಮಣ್ಣುಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಲೆಪ್ಟೋಸಾಲ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಲೆಪ್ಟೋಸ್’ ಎಂದರೆ ತೆಳುವಾದದ್ದು. ನಮ್ಮ ಗರಸಿನ ಪಟ್ಟೆ ಅಷ್ಟು ತೆಳುವಲ್ಲದ್ದರಿಂದ ಆ ಗುಂಪಿಗೆ ಸೇರುವುದಿಲ್ಲವೆಂದು ವರದಿಯಲ್ಲಿ ಸರಿಯಾಗಿಯೇ ಬರೆದಿದ್ದಾರೆ.

ಆದರೆ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಬಂಡೆಯೊಳಗಿನ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಇಲ್ಲಿ ಕಲ್ಲನ್ನು ಒಡೆಯುವುದು ಮಳೆನೀರು, ಹಗಲಿನ ಕಾವು ಮತ್ತು ಇರುಳಿನ ತಂಪು, ಬಿರುಕಿಗೆ ಇಳಿದು ದಪ್ಪವಾಗುವ ಬೇರು, ಬಂಡೆಯ ಮೈಗೆ ಹತ್ತಿದ ಕಲ್ಲುಹೂವು. ಹೀಗಿದ್ದರೂ ಮೇಲಿನ ದಿಣ್ಣೆಗಳಲ್ಲಿ ಕಲ್ಲುಮರಳೇ ಉಳಿಯುವುದಕ್ಕೆ ಇನ್ನೊಂದು ಕಾರಣವಿದೆ, ಕೈಪಿಡಿ ಬಿಟ್ಟಿರುವುದು ಅದನ್ನೇ. ಹುಟ್ಟಿದ ಮಣ್ಣನ್ನೆಲ್ಲ ಇಳಿಜಾರು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಮುಂಗಾರಿನ ದಪ್ಪ ಹನಿ ಬರಿಯ ನೆಲಕ್ಕೆ ಬಡಿದಾಗ ಮಣ್ಣಿನ ಹರಳು ಒಡೆದು, 0.002 ಮಿಲಿಮೀಟರಿಗಿಂತ ಸಣ್ಣದಾದ ಜೇಡಿಯ ಕಣಗಳು ನೀರಿನಲ್ಲಿ ತೇಲಿ ಹೊರಟುಬಿಡುತ್ತವೆ. ಅವು ಕೆಳಗಿನ ಗದ್ದೆ, ಕೆರೆ, ಹೊಳೆ ಮುಟ್ಟುವವರೆಗೆ ಎಲ್ಲಿಯೂ ತಂಗುವುದಿಲ್ಲ. ಮರಳು ಸ್ವಲ್ಪ ದೂರ ಸಾಗಿ ನಿಲ್ಲುತ್ತದೆ. ಕಲ್ಲು ಇದ್ದಲ್ಲೇ ಉಳಿಯುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ನುಣುಪೆಲ್ಲ ಸೋಸಿಹೋಗಿ, ಒರಟು ಮಾತ್ರ ಮೇಲೆ ಕೂಡಿಕೊಳ್ಳುತ್ತದೆ. ನಮ್ಮ ಗಿರಿಯ ಏಣುಗಳಲ್ಲಿ ಹುಲ್ಲು, ನೀರು ಮತ್ತು ಮಣ್ಣು ಬಂದು ತಂಗುವ ಮಡಿಕೆಗಳಲ್ಲಿ ಶೋಲಾ ಕಾಡು ಬೆಳೆದಿರುವುದರಲ್ಲಿಯೂ ಈ ಸೋಸುವಿಕೆಯ ಪಾತ್ರವಿದೆ. ಮಲೆನಾಡಿನ ಬೆಳೆಗಾರರಿಗೆ ಕೊಡುವ ಕೈಪಿಡಿಯಲ್ಲಿ ಹಿಮದ ಚಿತ್ರದ ಬದಲು ಈ ಏಣು ಮತ್ತು ಮಡಿಕೆಯ ಚಿತ್ರವಿರಬೇಕು; ಅದನ್ನು ತೆಗೆಯಲು ಚಿತ್ರಗಾರ ಸೀತಾಳಯ್ಯನಗಿರಿಯ ರಸ್ತೆಯ ಅಂಚಿನಲ್ಲಿ ಐದು ನಿಮಿಷ ನಿಂತರೆ ಸಾಕು.

ಈಗ ವರದಿಯ ವಿಷಯಕ್ಕೆ ಬರುತ್ತೇನೆ, ಈ ಸೇವೆಗೆ ನಾನು ಹೆಚ್ಚಿನ ಅಂಕ ಕೊಡುವುದು ಅದಕ್ಕಾಗಿಯೇ. ಮಣ್ಣು ಪರೀಕ್ಷೆಯ ಯಾವ ಪ್ರಯೋಗಾಲಯದಲ್ಲಾದರೂ ಮಾದರಿಯನ್ನು ನೆರಳಿನಲ್ಲಿ ಒಣಗಿಸಿ 2 ಮಿಲಿಮೀಟರಿನ ಜರಡಿ ಹಿಡಿಯುತ್ತಾರೆ; ಜರಡಿಯ ಕೆಳಗೆ ಬಿದ್ದದ್ದು ಮಣ್ಣು, ಮೇಲೆ ಉಳಿದದ್ದು ಕಲ್ಲು. ರಂಜಕ, ಪೊಟ್ಯಾಷ್ ಎಲ್ಲವನ್ನೂ ಅಳೆಯುವುದು ಕೆಳಗೆ ಬಿದ್ದದ್ದರಲ್ಲಿ ಮಾತ್ರ. ಆಮೇಲೆ ಒಂದು ಹೆಕ್ಟೇರಿನ ಮೇಲ್ಪದರದಲ್ಲಿ 22.4 ಲಕ್ಷ ಕಿಲೋ ಮಣ್ಣಿದೆ ಎಂಬ ಸಾಮಾನ್ಯ ಲೆಕ್ಕವನ್ನು ಹಿಡಿದು, ಕಿಲೋ ಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂದು ಬಂದ ಅಂಕಿಯನ್ನು 2.24ರಿಂದ ಗುಣಿಸಿ, ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುತ್ತಾರೆ. ಬಯಲಿನ ಹೊಲಕ್ಕೆ ಈ ಲೆಕ್ಕ ಸಲ್ಲುತ್ತದೆ. ಗರಸಿನ ಪಟ್ಟೆಗೆ ಸಲ್ಲುವುದಿಲ್ಲ, ಏಕೆಂದರೆ ಅಲ್ಲಿ ಜರಡಿಯ ಮೇಲೆ ಉಳಿಯುವ ಪಾಲೇ ದೊಡ್ಡದು. ನನ್ನ ಹಿಂದಿನ ಎರಡು ವರದಿಗಳು ಮೇಲಿಗೂ ಕೆಳಗೂ ಒಂದೇ ಅಂಕಿ ತೋರಿಸಿದ್ದು ಇದರಿಂದಲೇ: ಕಲ್ಲನ್ನು ಬಿಟ್ಟರೆ ಉಳಿಯುವ ಮಣ್ಣಿನ ಪೋಷಕಾಂಶಗಳ ಅಂಕಿಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸ ಇದ್ದದ್ದು ಮಣ್ಣಿನ ಪ್ರಮಾಣದಲ್ಲಿ.

ಇವರು ಕಲ್ಲನ್ನು ಎಸೆಯಲಿಲ್ಲ, ತೂಗಿದರು. ಮೇಲಿನ ಗುಂಡಿಯ ಮೇಲ್ಪದರದಲ್ಲಿ ತೂಕದ ಶೇ. 47 ಭಾಗ ಕಲ್ಲು ಎಂದು ಬಂತು. ಮೊದಲ ವರದಿಯಲ್ಲಿ ಈ ಒಂದೇ ಅಂಕಿಯಿತ್ತು, ಅದು ಸಾಲದು. ಕಬ್ಬಿಣದ ಕಲ್ಲು ಭಾರ, ತರಗು ಬೆರೆತ ಮಣ್ಣು ಹಗುರ. ತೂಕದಲ್ಲಿ ಅರ್ಧದಷ್ಟಿರುವ ಕಲ್ಲು ಜಾಗದಲ್ಲಿ ಕಾಲು ಭಾಗವನ್ನಷ್ಟೇ ಹಿಡಿದಿರುತ್ತದೆ, ಬೇರಿಗೂ ನೀರಿಗೂ ಬೇಕಾದದ್ದು ಜಾಗದ ಲೆಕ್ಕ. ಇದನ್ನು ಫೋನಿನಲ್ಲಿ ಕೇಳಿದಾಗ, ಒಂದಿಷ್ಟೂ ಬೇಸರಿಸದೆ, ಕಲ್ಲಿನ ಸಾಂದ್ರತೆಯನ್ನೂ ಮಣ್ಣಿನ ಸಾಂದ್ರತೆಯನ್ನೂ ಸೇರಿಸಿ ವರದಿಯನ್ನು ತಿದ್ದಿ ಕಳುಹಿಸಿದರು. ಆ ಲೆಕ್ಕದಂತೆ ನನ್ನ ಮೇಲಿನ ಪಟ್ಟೆಯಲ್ಲಿ ಹೆಕ್ಟೇರಿಗೆ ಇರುವ ನಿಜವಾದ ಮಣ್ಣು 13.5 ಲಕ್ಷ ಕಿಲೋ, ಅಂದರೆ ಹಿಂದಿನ ಪರೀಕ್ಷೆಗಳು ಭಾವಿಸಿದ್ದರ ಶೇ. 60 ಮಾತ್ರ. ಹಳೆಯ ಕಾಗದದಲ್ಲಿ 280 ಕಿಲೋ ಎಂದಿದ್ದ ಪೊಟ್ಯಾಷ್ ವಾಸ್ತವದಲ್ಲಿ 170ರ ಆಸುಪಾಸಿನಲ್ಲಿತ್ತು. ಆ 280ನ್ನು ನಂಬಿ ನಾಲ್ಕು ವರ್ಷ ನಾನು ಆ ಗಿಡಗಳಿಗೆ ಪೊಟ್ಯಾಷ್ ಕಡಿಮೆ ಹಾಕಿದೆ, ಕಾಯಿ ಉದುರಿದಾಗ ನೆರಳು ಹೆಚ್ಚಾಯಿತೆಂದು ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸಿದೆ. ಇದನ್ನು ಬರೆಯುವಾಗ ಆ ಗಿಡಗಳ ಬಗ್ಗೆ ಮನಸ್ಸಿಗೆ ನೋವಾಗುತ್ತದೆ.

ನೀರಿನ ಲೆಕ್ಕವನ್ನೂ ಇದೇ ಜಾಡಿನಲ್ಲಿ ಕೊಟ್ಟಿದ್ದಾರೆ. ಮೇಲಿನ ಗುಂಡಿಯಲ್ಲಿ ಬೇರು ಇಳಿಯಬಲ್ಲ 45 ಸೆಂಟಿಮೀಟರ್ ಆಳದ ಮರಳುಮಣ್ಣು, ಕಲ್ಲಿನ ಜಾಗವನ್ನು ಕಳೆದರೆ, ಗಿಡಕ್ಕೆ ಸಿಗುವಂತೆ ಹಿಡಿದಿಡಬಲ್ಲ ನೀರು ಸುಮಾರು 40 ಮಿಲಿಮೀಟರ್. ಕೆಳಗಿನ ಪಟ್ಟೆಯ ಒಂದು ಮೀಟರ್ ಜೇಡಿ ಬೆರೆತ ಮಣ್ಣಿನಲ್ಲಿ ಅದು 170. ದಿನಕ್ಕೆ ಮೂರೂವರೆ ಮಿಲಿಮೀಟರ್ ಖರ್ಚಾಗುವುದೆಂದು ಹಿಡಿದರೆ ಮೇಲಿನದು ಹನ್ನೊಂದು ದಿನಗಳಲ್ಲಿ ಬರಿದಾಗುತ್ತದೆ, ಕೆಳಗಿನದು ನಲವತ್ತೆಂಟು ದಿನ ಬರುತ್ತದೆ. ಫೆಬ್ರವರಿಯಲ್ಲಿ ಮೇಲಿನ ಎಲೆ ಜೋಲುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಯಾರಿಂದಲೂ ಸಿಕ್ಕಿರಲಿಲ್ಲ. ಕೊಳೆಗಲ್ಲಿನ ಪದರದ ಬಿರುಕುಗಳಲ್ಲಿಯೂ ಒಂದಷ್ಟು ನೀರು ನಿಲ್ಲುತ್ತದೆ, ಅಲ್ಲಿಗೆ ಇಳಿದ ಎರಡು ಮೂರು ಬೇರುಗಳನ್ನು ನಾನೇ ನೋಡಿದೆ. ಅದನ್ನು ಲೆಕ್ಕದಲ್ಲಿ ಸೇರಿಸಿಲ್ಲವೆಂದು ವರದಿಯಲ್ಲಿ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಸಲಹೆಗಳ ಪುಟದಲ್ಲಿ ಒಪ್ಪುವಂಥದ್ದು ಬಹಳ. ರಸಗೊಬ್ಬರವನ್ನು ಮೇಲಿನ ಪಟ್ಟೆಗೆ ಎರಡು ಕಂತಿನ ಬದಲು ನಾಲ್ಕು ಸಣ್ಣ ಕಂತುಗಳಲ್ಲಿ ಕೊಡಿ, ಮರಳುಮಣ್ಣಿನಲ್ಲಿ ಒಮ್ಮೆಗೇ ಹಾಕಿದ್ದು ಮಳೆಯೊಂದಿಗೆ ಇಳಿದುಹೋಗುತ್ತದೆ. ಸುಣ್ಣವನ್ನೂ ಹಾಗೆಯೇ ಕಡಿಮೆ ಪ್ರಮಾಣದಲ್ಲಿ ಹಲವು ಸಲ ಕೊಡಿ. ಮೇಲೆ ಕಾಣುವ ಕಲ್ಲುಗಳನ್ನು ಆಯ್ದು ಹೊರಗೆ ಹಾಕಬೇಡಿ, ಅವು ಮಳೆಹನಿಯ ಏಟನ್ನು ತಡೆದು ತೇವವನ್ನು ಕಾಯುತ್ತವೆ. ಈ ಕೊನೆಯ ಮಾತನ್ನು ಓದಿದ ಮೇಲೆ, ಪ್ರತಿವರ್ಷ ಕಲ್ಲು ಆಯಿಸಿ ಕಟ್ಟೆ ಹಾಕಿಸುತ್ತಿದ್ದುದನ್ನು ನಿಲ್ಲಿಸಿದ್ದೇನೆ.

ಒಂದು ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ತೋಟದುದ್ದಕ್ಕೂ ಗಿಡಗಳ ಸಾಲಿನ ನಡುವೆ, ಮಳೆನೀರನ್ನು ತಡೆದು ಇಂಗಿಸುವ ತೊಟ್ಟಿಲು ಗುಂಡಿ ತೆಗೆಸಬೇಕೆಂದು ಅದರಲ್ಲಿತ್ತು. ಕೆಳಗಿನ ಆಳದ ಮಣ್ಣಿಗೆ ಇದು ಒಳ್ಳೆಯದೇ, ನಮ್ಮಲ್ಲಿ ಅಲ್ಲಿ ಮೊದಲಿನಿಂದಲೂ ಇವೆ. ಆದರೆ 62 ಸೆಂಟಿಮೀಟರಿನಲ್ಲಿ ಹಾಸುಬಂಡೆ ಇರುವ ಕಡಿದಾದ ಜಾಗದಲ್ಲಿ ಮಳೆನೀರನ್ನು ತಡೆದು ಒಳಕ್ಕೆ ಇಳಿಸಿದರೆ, ಅದು ಬಂಡೆಯ ಮೈಮೇಲೆ ನಿಂತು, ಮಣ್ಣಿಗೂ ಬಂಡೆಗೂ ಇರುವ ಹಿಡಿತವನ್ನು ಸಡಿಲಿಸುತ್ತದೆ. ಜೇಡಿಯಿಲ್ಲದ ಗರಸಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ಶಕ್ತಿಯೂ ಇಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ತೋಟಕ್ಕೆ ತೋಟವೇ ಜಾರಿದ್ದನ್ನೂ ಚಾರ್ಮಾಡಿ ಘಾಟಿ ಮುಚ್ಚಿದ್ದನ್ನೂ ಈ ಜಿಲ್ಲೆಯವರು ಮರೆಯಲಾರೆವು. ಈ ಆತಂಕವನ್ನು ತಿಳಿಸಿದಾಗ ಆ ಯುವತಿ ಒಪ್ಪಿಕೊಂಡು, ಮೇಲಿನ ಪಟ್ಟೆಗೆ ಗುಂಡಿ ಬೇಡ, ನೀರನ್ನು ಪಕ್ಕದ ಹಳ್ಳಕ್ಕೆ ಮೆಲ್ಲಗೆ ಹರಿಸುವ ಓರೆ ಕಾಲುವೆಯೂ ಬೇರು ಹಿಡಿಯುವ ಹುಲ್ಲಿನ ಸಾಲೂ ಸಾಕು ಎಂದು ತಿದ್ದುಪಡಿ ಕೊಟ್ಟರು. ನಾನು ಕೇಳದೆ ಇದ್ದಿದ್ದರೆ? ಗುಂಡಿಯಲ್ಲಿ ಕಂಡ ಬಂಡೆಯ ಆಳಕ್ಕೂ ಸಲಹೆಯ ಪುಟಕ್ಕೂ ನಂಟು ಇರಬೇಕು. ಎಲ್ಲ ತೋಟಗಳಿಗೂ ಒಂದೇ ಅಚ್ಚಿನ ಪುಟವನ್ನು ಸೇರಿಸುವ ಕ್ರಮ ಇಳಿಜಾರಿನವರಿಗೆ ಅಪಾಯಕಾರಿ.

ಉಳಿದ ಲೋಪಗಳು ಸಣ್ಣವು. ಹದಿನೈದು ದಿನಗಳಲ್ಲಿ ಬರಬೇಕಾಗಿದ್ದ ವರದಿ ಇಪ್ಪತ್ತಾರನೆಯ ದಿನ ಬಂತು. ಕೋಷ್ಟಕಗಳು ಇಂಗ್ಲಿಷಿನಲ್ಲಿವೆ, ಬಂದ ಯುವತಿ ಗುಂಡಿಯ ಪಕ್ಕದಲ್ಲಿ ಅಷ್ಟು ಸೊಗಸಾದ ಕನ್ನಡದಲ್ಲಿ ವಿವರಿಸಬಲ್ಲವರಾಗಿರುವಾಗ ಕಾಗದಕ್ಕೇಕೆ ಅದು ಇಳಿಯಬಾರದು?

ಬಯಲಿನಲ್ಲಿ ಗದ್ದೆ ಇರುವವರಿಗೆ, ಸಮನಾದ ಕೆಂಪು ಮಣ್ಣಿನ ತೋಟದವರಿಗೆ ಈ ಸೇವೆಯ ಅಗತ್ಯವಿಲ್ಲ. ಹತ್ತು ಹದಿನೈದು ಕಡೆಯ ಮಣ್ಣನ್ನು ಬೆರೆಸಿ ಅರ್ಧ ಕಿಲೋ ಚೀಲ ಕಳುಹಿಸುವ ಸಾಮಾನ್ಯ ಪರೀಕ್ಷೆಯೇ ಅವರಿಗೆ ಸಾಕು, ಕಾಫಿ ಬೆಳೆಗಾರರಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಇದೆ. ಆದರೆ ಗಿರಿಯ ಮಗ್ಗುಲಿನಲ್ಲಾಗಲಿ, ಸಕಲೇಶಪುರ ಮತ್ತು ಬಿಸಿಲೆಯ ಕಡೆಯ ಕಡಿದಾದ ಜಾಗಗಳಲ್ಲಾಗಲಿ ಹಾರೆಗೆ ಕಲ್ಲು ತಗಲುವ ನೆಲ ಇರುವವರು ಒಮ್ಮೆಯಾದರೂ ಗುಂಡಿ ತೆಗೆಸಿ ನೋಡಬೇಕು, ತೆಗೆಸುವಾಗ ಜೊತೆಯಲ್ಲಿ ನಿಲ್ಲಬೇಕು, ವರದಿಯಲ್ಲಿ ಕಲ್ಲಿನ ಪ್ರಮಾಣವನ್ನು ಗಾತ್ರದ ಲೆಕ್ಕದಲ್ಲಿಯೂ ಬರೆದುಕೊಡಲು ಮೊದಲೇ ಕೇಳಬೇಕು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದದ್ದು ಆ ಅಚ್ಚಿನ ಸಲಹೆಯ ಪುಟಕ್ಕೆ. ಮೇಲಿನ ಗುಂಡಿಯನ್ನು ಸುತ್ತಲೂ ಗಳ ಕಟ್ಟಿ, ಮುಂಗಾರು ಹಿಡಿಯುವವರೆಗೆ ಮುಚ್ಚದೆ ಬಿಟ್ಟಿದ್ದೇನೆ. ಅಕ್ಕಪಕ್ಕದ ಬೆಳೆಗಾರರು ಬಂದು ಇಳಿದು, ಕೊಳೆಗಲ್ಲಿನ ಪದರವನ್ನು ಉಗುರಿನಿಂದ ಕೆರೆದು ನೋಡಿ ಹೋಗುತ್ತಿದ್ದಾರೆ.